ಆನೆ ಕಾಸು

ಒಂದೂರಿನ ಹೊಳೆಯಲ್ಲಿ ಒಂದು ಆನೆಯಿತ್ತಂತೆ. ಸತ್ತವರನ್ನು ಸೊಂಡಿಲಿನಿಂದ ಎತ್ತಿ ಆಚೆ ದಡ ಸೇರಿಸುತ್ತಿತ್ತಂತೆ. ಈ ಕಥೆ ಹೇಳಿ ಬೆಳೆಸಿದ ಅಜ್ಜಿ, ಭದ್ರಾವತಿಯ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಮೊಮ್ಮಗಳು ಕವನಾಳ ಕೈಗೆ ಆನೆಯ ಅಚ್ಚಿದ್ದ, ಕಿಲುಬು ಹಿಡಿದ ತಾಮ್ರದ ಕಾಸು ಕೊಟ್ಟಳು.

"ನಾನು ಸತ್ತಾಗ ನನ್ನ ಹಣೆಗೆ ಇದನ್ನೇ ಇಡು. ಸೊಂಡಿಲೇ ಕಾಣದಿದ್ರೆ ಆನೆ ನನ್ನ ಹೆಂಗೆ ಎತ್ಕೊಳ್ಳುತ್ತೆ?"

"ಕಾಣೋ ಹಂಗೆ ಮಾಡ್ತೀನಿ ಅಜ್ಜಿ."

ದುರ್ಗಿಗುಡಿಯ ಮನೆಯಲ್ಲಿ ಕವನಾ ಕಿಲುಬು ಸಡಿಲಾಗಲೆಂದು ಕಾಸನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸಿದಳು. ಹದಿನೆಂಟನೆಯ ದಿನ ಅಜ್ಜಿಯ ಹೆಣ ಬಂತು. ಸೊಂಡಿಲು ಇನ್ನೂ ಕಿಲುಬಿನೊಳಗೇ ಇತ್ತು.

"ಹುಣಸೆಹಣ್ಣು ಹಾಕಿ ತಿಕ್ಕು ಮಾರಾಯ್ತಿ, ಜನ ಕಾಯ್ತಿದಾರೆ," ಎಂದಳು ಅತ್ತೆ ಸುಮನಾ.

"ಹಂಗೆ ತಿಕ್ಕಿದ್ರೆ ಆನೆನೂ ಹೋಗುತ್ತೆ ಅತ್ತೆ."

ಬಿದಿರುಕಡ್ಡಿಯಿಂದ ಕಿಲುಬನ್ನು ಚೂರುಚೂರೇ ಎಬ್ಬಿಸಿದಳು. ಹೊರಗೆ ಚಟ್ಟ ಕಟ್ಟಿ ಮುಗಿಯುವಷ್ಟರಲ್ಲಿ ಸೊಂಡಿಲು ಕಂಡಿತು. ಕಾಸನ್ನು ಒರೆಸಿ ಅಜ್ಜಿಯ ತಣ್ಣನೆಯ ಹಣೆಯ ಮೇಲಿಟ್ಟಳು.