ನವಿಲಿನ ಮೇಲಿಟ್ಟ ತಾಟು

ಹಾಸುವ ಬಟ್ಟೆಗೆ ಎಂಥ ನೆನಪು ಅಂತ ಹಲ್ಲು ಕಿಸಿಯುವವರು ಈಗಲೇ ಹೊರಟುಹೋಗಿ. ನಿಮ್ಮ ಚಪ್ಪಲಿ ಹೇಗೂ ಕಾಲಲ್ಲೇ ಇವೆ. ನಿನ್ನೆ ಉಂಡ ಸಾರು ಯಾವುದು ಅಂತ ನಿಮಗೇ ನೆನಪಿರುವುದಿಲ್ಲ. ನನ್ನ ಮೇಲೆ ಚೆಲ್ಲಿದ ಸಾರೆಲ್ಲ ಇನ್ನೂ ನನ್ನಲ್ಲೇ ಇದೆ. ಹೇಳಿ, ಯಾರ ನೆನಪು ಗಟ್ಟಿ? ನನಗೆ ಅರ್ಥವಾಗದ ಸಂಗತಿಗಳು ಬೇಕಾದಷ್ಟಿವೆ, ಅದನ್ನು ಒಪ್ಪುತ್ತೇನೆ. ಮರೆತದ್ದು ಮಾತ್ರ ಒಂದೂ ಇಲ್ಲ.

ನಾನು ಒಂದು ಜಮಖಾನೆ. ಹುಟ್ಟಿದ್ದು ನವಲಗುಂದದಲ್ಲಿ, ಮೆಹಬೂಬಿ ಎಂಬಾಕೆಯ ಮನೆಯ ನಡುಮನೆಯಲ್ಲಿ. ಅಲ್ಲಿ ಮಗ್ಗ ಮಲಗಿರುವುದಿಲ್ಲ, ಗೋಡೆಯಂತೆ ನಿಂತಿರುತ್ತದೆ. ಮೆಹಬೂಬಿ ಅದರ ಮುಂದೆ ಕೂತು ಕಬ್ಬಿಣದ ಪಂಜದಿಂದ ನೂಲನ್ನು ಕುಟ್ಟಿ ಕುಟ್ಟಿ ನನ್ನನ್ನು ಬಿಗಿ ಮಾಡಿದಳು. ಅತ್ತೆಯ ಮೇಲಿನ ಸಿಟ್ಟೆಲ್ಲ ಆ ಪಂಜದಲ್ಲಿತ್ತು. ಅದಕ್ಕೇ ನಾನು ಇಷ್ಟು ಗಟ್ಟಿ. ಮೂಲೆಗೊಂದು ನವಿಲು ನೇಯ್ದಳು. ಕೊನೆಯ ನವಿಲಿಗೆ ಬರುವಷ್ಟರಲ್ಲಿ ಹಸಿರು ನೂಲು ತೀರಿತು. ಅದಕ್ಕೆ ಕಪ್ಪು ಬಾಲ ಇಟ್ಟು, "ದೃಷ್ಟಿಬೊಟ್ಟು ಆತು ಬಿಡು" ಅಂದಳು. ಈ ಕಪ್ಪು ಬಾಲದ ನವಿಲನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಕೊಂಡವನು ಹಿರೇಹೊಳಿಯ ದಾವಲಸಾಬ. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವನದು. ಅವನ ಕೈಯಲ್ಲಿ ನಾನು ಲೋಕ ಕಂಡೆ, ಅಂದರೆ ಕೆಳಗಿನಿಂದ. ಜನರ ಮುಖ ನನಗೆ ಗೊತ್ತಿಲ್ಲ, ಗೊತ್ತಿರುವುದು ಅಂಗಾಲು. ಮದುಮಗಳ ಕಾಲು ತಣ್ಣಗಿರುತ್ತದೆ. ಬೀಗರ ಕಾಲು ಒಂದೆಡೆ ನಿಲ್ಲುವುದಿಲ್ಲ. ಸಾವಿನ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಇಡುತ್ತಾರೆ, ಊಟ ಬಂದ ಕೂಡಲೇ ಜೋರಾಗಿ ಇಡುತ್ತಾರೆ. ಜನ ನನ್ನ ಮೇಲೆ ಸೇರಿದರೆ ಒಂದೋ ಮದುವೆ, ಇಲ್ಲವೇ ಸಾವು, ಇಲ್ಲವೇ ಪೂಜೆ. ನನ್ನ ವಿದ್ಯೆ ಅಷ್ಟೇ ಇತ್ತು. ಒಂದು ಮಧ್ಯಾಹ್ನ ಅದೂ ಕೆಟ್ಟಿತು.

ಆವತ್ತು ನನ್ನನ್ನು ಹಾಸಿದ್ದು ಪೊಲೀಸ್ ಠಾಣೆಯ ಎದುರು. ದಾವಲಸಾಬನ ಆಳುಗಳಿಗೆ ಯಾವ ಕಾರ್ಯ ಅಂತ ಯಾರೂ ಹೇಳಿರಲಿಲ್ಲ. ರೂಢಿಯಂತೆ ಶಾಮಿಯಾನ ಕಟ್ಟಿ, ಮುಂದೆ "ಸುಸ್ವಾಗತ" ಬರೆದ ಕೆಂಪು ಬಟ್ಟೆಯನ್ನೂ ಕಟ್ಟಿದ್ದರು.

"ಏ ದಾವಲಸಾಬ, ಪೊಲೀಸರಿಗೆ ಹೆಣ್ಣು ಕೊಡಾಕ ಬಂದೀವೇನೋ ನಾವು?" ಅಂತ ಒಬ್ಬ ಹೆಂಗಸು ಕೂಗಿದಳು.

"ತಪ್ಪಾತ್ರಿ ವಕೀಲಬಾಯಾರ. ಇರಲಿ ಬಿಡ್ರಿ, ನೆರಳಾಗತೈತಿ."

ವಕೀಲಬಾಯಿ ಅಂದರೆ ಸುಲೋಚನಾ ಕಡಕೋಳ. ಊರಿನಲ್ಲಿ ನಾಗರಿಕ ಹಕ್ಕುಗಳ ಬಳಗ ಅಂತ ಒಂದು ಗುಂಪಿತ್ತು, ಅದಕ್ಕೆ ಆಕೆಯೇ ಮುಂದಾಳು. ಒಂದು ಕಾಲಿಗೆ ಆಣಿ, ಬೇಗ ಬೇಗ ನಡಿಗೆ. ಗುಂಪಿನಲ್ಲಿ ಬೀಡಿ ಕಟ್ಟುವವರಿದ್ದರು, ಒಬ್ಬ ಟೇಲರ್ ಇದ್ದ, ಕಾಲೇಜಿನ ಇಬ್ಬರು ಹುಡುಗಿಯರಿದ್ದರು. ಎಲ್ಲರೂ ಚಪ್ಪಲಿ ಅಂಚಿಗೆ ಬಿಟ್ಟು ನನ್ನ ಮೇಲೆ ಕೂತರು. "ಹಕ್ಕು ಬೇಕು" ಅಂತ ಕೂಗತೊಡಗಿದರು. ನಾನು ಕಾದೆ. ಈ ಹಕ್ಕು ಎಂಬುವವರು ದೊಡ್ಡ ಬೀಗರಿರಬೇಕು, ತಡವಾಗಿ ಬರುತ್ತಾರೆ ಅಂದುಕೊಂಡೆ. ನಗಬೇಡಿ. ನಿಮಗಾದರೂ ಅದು ಎದುರು ಬಂದು ಕೂತದ್ದುಂಟೇ?

ಕಪ್ಪು ಬಾಲದ ನವಿಲಿನ ಪಕ್ಕ ಕೂತವಳು ಫಕೀರವ್ವ. ಹಿಮ್ಮಡಿ ಒಡೆದು ಹೊಲದ ಬಿರುಕಿನಂತಾಗಿತ್ತು. ಆಕೆಯ ಮಗ ಮೈಲಾರಿ ಗೋಡೆಗೆ ಬಣ್ಣ ಬಳಿಯುವವನು. ಯಾರದೋ ಬೈಕು ಕಳುವಾಯಿತು ಅಂತ ಪೊಲೀಸರು ಅವನನ್ನು ಮನೆಯಿಂದ ಎಳೆದುಕೊಂಡು ಹೋಗಿದ್ದರು. ಹಿಡಿದವರನ್ನು ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಂತೆ, ವಕೀಲಬಾಯಿ ಹೇಳಿದ್ದು. ಇವನನ್ನು ನಿಲ್ಲಿಸಿರಲಿಲ್ಲ. ಕೇಳಲು ಹೋದರೆ ಠಾಣೆಯ ಸಾಹೇಬ, "ಆ ಹೆಸರಿನವ ಇಲ್ಲಿಲ್ಲ, ಓಡಿಹೋಗಿರಬೇಕು ನೋಡು" ಅಂದಿದ್ದ. ಮಗನ ಮುಖ ನೋಡುವತನಕ ಅನ್ನ ಮುಟ್ಟುವುದಿಲ್ಲ ಅಂತ ಫಕೀರವ್ವ ಹಟ ಹಿಡಿದಿದ್ದಳು. ಆಕೆಯ ಭಾರ ನನಗೆ ಗೊತ್ತಾಗುತ್ತಿತ್ತು. ಒಣಗಿದ ಸೌದೆಯಷ್ಟೂ ಇರಲಿಲ್ಲ.

ಬಿಸಿಲೇರಿತು. ಬಳಗದ ಹೆಂಗಸರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಅಷ್ಟರಲ್ಲಿ ಬೂಟುಗಳು ಬಂದು ನನ್ನ ಅಂಚಿನಲ್ಲಿ ನಿಂತವು.

"ಯಲ್ಲನಗೌಡ, ಇವರನ್ನೆಲ್ಲ ಎಬ್ಬಸು!" ಇದು ಸಾಹೇಬನ ದನಿ.

ಯಲ್ಲನಗೌಡ ಅಲ್ಲಿಯ ಹವಾಲ್ದಾರ, ಅದೇ ಸೀಮೆಯವನು. ಅವನ ಬೂಟು ಅಲುಗಲಿಲ್ಲ.

"ಉಣ್ಣಾಕತ್ತಾರ್ರಿ ಸರ. ಉಣ್ಣಾಕ ಕುಂತವರನ್ನ ಹೆಂಗ ಎಬ್ಬಸೂದು?"

ನಮ್ಮ ಕಡೆ ಅದು ದೊಡ್ಡ ಮಾತು. ವೈರಿ ಬಂದು ಊಟಕ್ಕೆ ಕೂತಿದ್ದರೂ ಉಂಡು ಕೈ ತೊಳೆಯುವತನಕ ಕಾಯಬೇಕು. ಅದನ್ನು ತಿಳಿದೇ ಬಳಗದವರು ರೊಟ್ಟಿ ಮುರಿದದ್ದು ಅಂತ ನನಗೆ ಆಮೇಲೆ ಹೊಳೆಯಿತು. ಎಂಥ ಊಟ ಅದು! ಒಂದು ತುತ್ತನ್ನು ಎಮ್ಮೆ ಮೆಲುಕು ಹಾಕಿದಂತೆ ಅಗಿದರು.

"ಯಲ್ಲನಗೌಡ್ರ, ಇನ್ನೂ ಮಜ್ಜಿಗಿ ಬಾಕಿ ಐತ್ರಿ" ಅಂದಳು ಒಬ್ಬ ಬೀಡಿಯ ಹೆಂಗಸು. "ಆಮ್ಯಾಲೆ ಎಲಿ ಅಡಿಕಿ."

"ಲಗೂನ ಉಣ್ರಬೇ, ನನ್ನ ನೌಕರಿ ತಿನ್ನಬ್ಯಾಡ್ರಿ."

"ನಿಮ್ಮ ನೌಕರಿಗೆ ಉಪ್ಪಿಲ್ಲ ಖಾರಿಲ್ಲ, ಯಾರು ತಿಂತಾರ?"

ಎಲ್ಲರೂ ನಕ್ಕರು. ಮಗನಿಲ್ಲದ ತಾಯಿ ಪಕ್ಕದಲ್ಲಿ ಕೂತಿರುವಾಗ ಜನ ಹೇಗೆ ನಗುತ್ತಾರೆ, ನನಗೆ ಇಂದಿಗೂ ಗೊತ್ತಾಗಿಲ್ಲ. ಆದರೆ ಆ ನಗುವಿಗೆ ಫಕೀರವ್ವನ ಕಾಲಿನ ಬಿಗಿ ತುಸು ಸಡಿಲವಾದದ್ದು ನಿಜ.

ಸಾಹೇಬನಿಗೆ ಉರಿಯಿತು. "ಆ ಮುದುಕಿ ಉಣ್ಣಾಕತ್ತಿಲ್ಲಲ್ಲ! ಅಕಿನ್ನ ಎತ್ತು ಮೊದಲ. ಅಕಿ ಹ್ವಾದ್ರ ಇವರೂ ಹೊಕ್ಕಾರ."

ನಗು ನಿಂತಿತು. ವಕೀಲಬಾಯಿ ಫಕೀರವ್ವನ ಕಿವಿಯಲ್ಲಿ, "ಯವ್ವಾ, ಒಂದು ತುತ್ತು ಬಾಯಾಗ ಹಾಕ್ಕೋ. ದೇವರು ಏನೂ ಅನ್ನೂದಿಲ್ಲ" ಅಂದಳು. ಫಕೀರವ್ವ ಒಲ್ಲೆ ಅಂದಳು. ಒಂದು ಖಾಲಿ ತಾಟು ತೆಗೆದುಕೊಂಡಳು. ಅದನ್ನು ಕಪ್ಪು ಬಾಲದ ನವಿಲಿನ ಮೇಲೆ ಇಟ್ಟು ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು, ಪಕ್ಕಕ್ಕೆ ನೀರಿಟ್ಟಳು.

"ಗೌಡ್ರ, ಇದು ನನ್ನ ಮಗನ ತಾಟು. ಅಂವ ಒಳಗಿಲ್ಲ ಅಂತೀರಿ. ಆತು. ಬರ್ರಿ, ಈ ಅನ್ನದ ಮ್ಯಾಲೆ ಕೈ ಇಟ್ಟು ಅದನ್ನ ಹೇಳ್ರಿ. ನಾ ಎದ್ದು ಹೊಕ್ಕೀನಿ. ಇವರನ್ನೂ ಎಬ್ಬಿಸಿಕೊಂಡು ಹೊಕ್ಕೀನಿ."

"ಹೇಳಿ ಬಾ ಹೋಗು!" ಅಂದ ಸಾಹೇಬ. "ರೊಟ್ಟಿ ಮುಟ್ಟಿದ್ರ ಕೈ ಸುಡತೈತೇನು?"

ಹವಾಲ್ದಾರ ಬೂಟು ಬಿಚ್ಚಿದ. ಅದು ನನಗೆ ಚೆನ್ನಾಗಿ ನೆನಪಿದೆ. ಕಾಲುಚೀಲ ಹೆಬ್ಬೆರಳಿನ ಹತ್ತಿರ ಹರಿದಿತ್ತು. ಒಂದೊಂದೇ ಹೆಜ್ಜೆ ಇಟ್ಟು ಬಂದು ತಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅಂಗಾಲು ಬೆವರಿ ನನ್ನ ನೂಲು ಒದ್ದೆಯಾಯಿತು. ಎಷ್ಟು ಹೊತ್ತು ಕೂತಿದ್ದನೋ, ತಾಟು ಮಾತ್ರ ಅಲುಗಲಿಲ್ಲ. ಆಮೇಲೆ ಎದ್ದ. ಅನ್ನ ಮುಟ್ಟದೆ, ಬೂಟು ಕೈಯಲ್ಲಿ ಹಿಡಿದುಕೊಂಡೇ ಹೋದ.

"ಎಲ್ಲಾರೂ ನೋಡಿದ್ರಲ್ಲಾ? ಹುಡುಗ ಒಳಗ ಅದಾನ" ಅಂದವಳೇ ವಕೀಲಬಾಯಿ, ನೋಡಿದವರಲ್ಲಿ ನಾಲ್ಕೈದು ಜನರನ್ನು ಕರೆದುಕೊಂಡು ಹಿಂದಿನ ಬೀದಿಯ ಕೋರ್ಟಿಗೆ ಓಡಿದಳು. ಆಣಿಯ ಕಾಲಿನಲ್ಲಿ ಅಂಥ ಓಟ! ಹೊತ್ತು ಇಳಿಯುವ ಮುಂಚೆ ಬಂದಳು. ಜೊತೆಗೆ ಠಾಣೆಯೊಳಗೆ ಹುಡುಕಿ ನೋಡಲು ನ್ಯಾಯಾಧೀಶರು ಕಳಿಸಿದ ಒಬ್ಬರಿದ್ದರು. ಮೈಲಾರಿ ಸಿಕ್ಕಿದ. ಹಿಂದಿನ ಸಾಮಾನು ಕೋಣೆಯಲ್ಲಿದ್ದನಂತೆ.

ಅವನು ತಾಯಿಯ ಕಡೆ ನನ್ನ ಮೇಲೆ ನಡೆದು ಬಂದ. ಅದೇನು ನಡಿಗೆ! ಹಿಮ್ಮಡಿ ಊರುತ್ತಿಲ್ಲ. ಪಾದದ ಅಂಚಿನ ಮೇಲೆ, ಕೆಂಡ ತುಳಿದವನ ಹಾಗೆ. ಇಟ್ಟ ಕಡೆಯೆಲ್ಲ ಹಸಿ ರಕ್ತ. ಸಾವಿರಾರು ಕಾಲು ಕಂಡ ನನಗೆ ಅಂಥ ಕಾಲು ಹೊಸದು. ಕೂಗಿ ಹೇಳೋಣ ಅಂದರೆ ಬಾಯಿಲ್ಲ.

ವಕೀಲಬಾಯಿ ಅವನ ನಡಿಗೆ ನೋಡಿದಳು. "ತಮ್ಮಾ, ಅಂಗಾಲು ತೋರಸು."

"ಬಚ್ಚಲದಾಗ ಜಾರಿ ಬಿದ್ದೀನ್ರಿ."

ಫಕೀರವ್ವ ಅವನ ಪಾದ ಹಿಡಿದು ಮೇಲೆತ್ತಿದಳು. "ಜಾರಿ ಬಿದ್ರ ಮೊಣಕಾಲು ಒಡಿತೈತಿ, ಇಲ್ಲಾ ತಲಿ ಒಡಿತೈತಿ. ಅಂಗಾಲು ಒಡೆಯೂವಂಥ ಬಚ್ಚಲ ಯಾವುದೋ ಮಗನ?"

ಅವನು ಪಾದ ಬಿಡಿಸಿಕೊಂಡ. ತಾಟಿನ ಮುಂದೆ ಕೂತ. ತಾಯಿ ತುತ್ತು ಮಾಡಿ ಅವನ ಬಾಯಿಗಿಟ್ಟಳು, ಆಮೇಲೆ ತನ್ನ ಬಾಯಿಗೆ. ಪೊಲೀಸರು ಸುತ್ತ ನಿಂತಿದ್ದರು. ಯಾರೂ ಎಬ್ಬಿಸಲಿಲ್ಲ. ಆ ಸಂಜೆಯೇ ನ್ಯಾಯಾಧೀಶರ ಮುಂದೆ ಅವನು, ಹೊಡೆದದ್ದು ಸಾಹೇಬನೇ ಅಂತ ನಿಜ ಹೇಳಿದನಂತೆ. ಉಂಡ ಮೇಲೆ ಧೈರ್ಯ ಬಂತೋ, ಠಾಣೆ ದೂರವಾದ ಮೇಲೆ ಬಂತೋ.

ಮಾರನೆಯ ದಿನ ದಾವಲಸಾಬ ನನ್ನ ಕಪ್ಪು ಬಾಲದ ನವಿಲಿನ ಮೇಲಿನ ರಕ್ತದ ಕಲೆ ತಿಕ್ಕಿ ನೋಡಿದ, ಹೋಗಲಿಲ್ಲ. "ಇದು ಇನ್ನ ಮದುವಿಗೆ ಹೋಗಂಗಿಲ್ರಿ. ನೀವ ಇಟ್ಟುಕೋರಿ" ಅಂತ ಬಳಗಕ್ಕೆ ಕೊಟ್ಟುಬಿಟ್ಟ. ಹೀಗೆ ನನ್ನ ಮನೆ ಬದಲಾಯಿತು. ಆಮೇಲೆ ಎಷ್ಟೋ ಕಚೇರಿಗಳ ಮುಂದೆ ಬಿಸಿಲು ಕುಡಿದಿದ್ದೇನೆ. ಕೆಲವು ಸಲ ಗೆದ್ದೆವು ಅಂತ ಕೂಗಿದರು, ಆದರೆ ಕಾಲುಗಳಲ್ಲಿ ಸೋಲಿತ್ತು. ಕೆಲವು ಸಲ ಅತ್ತರು, ಆದರೆ ಹೆಜ್ಜೆ ಗಟ್ಟಿಯಿತ್ತು. ನನಗೆ ಲೆಕ್ಕ ಹತ್ತಲೇ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಚು ಬಿಚ್ಚಿದೆ, ಎರಡು ನವಿಲು ಸವೆದು ಕೋಳಿಯಾಗಿವೆ. ಬಳಗದ ಕೋಣೆಯಲ್ಲಿ ಕಿಟಕಿಯ ಕೆಳಗೆ ಬಿದ್ದಿರುತ್ತೇನೆ. ಮೈಲಾರಿಗೆ ಹೊಡೆದ ಸಾಹೇಬನ ಮೇಲಿನ ಕೇಸು ಇನ್ನೂ ನಡೆಯುತ್ತಲೇ ಇದೆ. ಹೊಡೆಯುವಾಗ ಅಲ್ಲಿದ್ದವನು ಹವಾಲ್ದಾರನೊಬ್ಬನೇ. ಇಷ್ಟು ವರ್ಷ ಅವನು ಬಾಯಿ ಬಿಟ್ಟಿರಲಿಲ್ಲ.

ಮೊನ್ನೆ ಒಂದು ಕಾಲು ಬಂತು. ಬೂಟಿಲ್ಲ, ಕಾಲುಚೀಲವಿಲ್ಲ, ಬರಿಗಾಲು. ಆದರೆ ಆ ಬೆವರು ನನಗೆ ಗೊತ್ತು! ಯಲ್ಲನಗೌಡ. ನಿವೃತ್ತನಾಗಿದ್ದ. ಮಾರನೆಯ ದಿನ ಕೋರ್ಟಿನಲ್ಲಿ ಅವನ ಸಾಕ್ಷಿ ಇತ್ತು. ಫಕೀರವ್ವನೂ ಬಂದಿದ್ದಳು. ಕಪ್ಪು ಬಾಲದ ನವಿಲಿನ ಮೇಲೆ ತಾಟು ಇಟ್ಟು ರೊಟ್ಟಿ ಬಡಿಸಿದಳು.

"ಉಣ್ರಿ ಗೌಡ್ರ."

"ಉಂಡ್ರ ನಾಳೆ ಖರೇ ಹೇಳಬೇಕಾಗತೈತಿ, ಫಕೀರವ್ವ."

"ಹೇಳ್ರಿ, ಬಿಡ್ರಿ. ಹಸದು ಬಂದೀರಿ, ಉಣ್ರಿ."

ಈ ಸಲ ತಾಟು ಅಲುಗಿತು. ರೊಟ್ಟಿ ಮುರಿದ ಸದ್ದು ಕೇಳಿದೆ. ಪೂರಾ ಉಂಡ.

ಮಾರನೆಯ ದಿನ ಅವನು ಏನು ಹೇಳಿದ? ನನಗೆ ಗೊತ್ತಿಲ್ಲ. ಕೋರ್ಟಿನಲ್ಲಿ ಕುರ್ಚಿ ಇರುತ್ತವೆ, ಜಮಖಾನೆಯನ್ನು ಯಾರು ಒಯ್ಯುತ್ತಾರೆ? ಅಂದಿನಿಂದ ಈ ಕೋಣೆಯ ಬೀಗ ತೆಗೆದಿಲ್ಲ. ಗೆದ್ದು ಊರೆಲ್ಲ ಮೆರವಣಿಗೆ ಹೋಗಿದ್ದಾರೋ, ಸೋತು ಮನೆ ಸೇರಿದ್ದಾರೋ. ಉಂಡವನು ಸುಳ್ಳು ಹೇಳಲಾರ ಅಂತ ಒಮ್ಮೆ ಅನಿಸುತ್ತದೆ. ಮದುವೆಗಳಲ್ಲಿ ಉಂಡು ಎದ್ದವರು ಆಡಿದ ಮಾತು ನೆನೆದರೆ ಗಾಬರಿಯೂ ಆಗುತ್ತದೆ.

ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡಿರಲ್ಲ, ಒಂದು ಉಪಕಾರ ಮಾಡಿ. ಈ ಕಥೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಸಿಕ್ಕವರಿಗೆಲ್ಲ ಹೇಳಿ. ಹಿರೇಹೊಳಿಯ ಕೋರ್ಟಿನಲ್ಲಿ ಆವತ್ತು ಇದ್ದವರ ಕಿವಿಗೆ ಅದು ಎಂದಾದರೂ ಬಿದ್ದೀತು. ಬಿದ್ದರೆ, ಇಲ್ಲಿಗೆ ಬಂದು ಅವನು ಹೇಳಿದ್ದೇನು ಅಂತ ನನಗೊಂದು ಮಾತು ತಿಳಿಸಲಿ. ಚಪ್ಪಲಿ ಮಾತ್ರ ಬಾಗಿಲಲ್ಲಿ ಬಿಡಲಿ.