ಇಪ್ಪತ್ತೆರಡು ಪ್ಯಾಕುಗಳು

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹಿಂದಿನ ದಿನದ ಪಟ್ಟಿ ತೆರೆದಾಗ ಸಿಂಚನಳಿಗೆ ಮೊದಲು ಸಮಾಧಾನವೇ ಆಯಿತು. ತಾನು ರಜೆ ಹಾಕಿದ್ದರಿಂದ ಕೆಲಸ ಬೆಟ್ಟದಷ್ಟು ಬಾಕಿ ಬಿದ್ದಿರುತ್ತದೆ ಎಂದುಕೊಂಡೇ ಬಂದಿದ್ದಳು. ಬಾಕಿ ಒಂದೂ ಇರಲಿಲ್ಲ. ಇಪ್ಪತ್ತೆರಡು ಬ್ಯಾಟರಿ ಪ್ಯಾಕುಗಳು ಗುರುವಾರ ಹನ್ನೊಂದರಿಂದ ಒಂದೂವರೆಯೊಳಗೆ ಪರೀಕ್ಷೆ ಮುಗಿಸಿ ಪಾಸಾಗಿದ್ದವು. ಪಾಸು ಮಾಡಿದವರ ಜಾಗದಲ್ಲಿ ಇಪ್ಪತ್ತೆರಡು ಸಲವೂ ಅವಳ ಹೆಸರೇ ಇತ್ತು.

ಗುರುವಾರ ಹನ್ನೊಂದು ಗಂಟೆಗೆ ಅವಳು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಅತ್ತೆ ಸರೋಜಮ್ಮನ ಪೊರೆ ತೆಗೆಯುವ ಮುಂಚೆ, ನರ್ಸು ಹೇಳಿದಂತೆ, ಹತ್ತು ನಿಮಿಷಕ್ಕೊಮ್ಮೆ ಅವರ ಕಣ್ಣಿಗೆ ಹನಿ ಬಿಡುತ್ತಿದ್ದಳು.

ಹೆಬ್ಬಾಳದ ಆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಗಳು ತಯಾರಾಗುತ್ತವೆ. ಒಂದು ತುದಿಯಲ್ಲಿ ಹೆಬ್ಬೆರಳು ಗಾತ್ರದ ಸೆಲ್ಲುಗಳು ಡಬ್ಬಗಟ್ಟಲೆ ಒಳಗೆ ಬರುತ್ತವೆ. ಅವುಗಳನ್ನು ಅಳೆದು, ಜೋಡಿಸಿ, ತಗಡಿನ ಪಟ್ಟಿಯಿಂದ ಬೆಸೆದು, ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೂರಿಸಿ, ಗ್ಯಾಸ್ಕೆಟ್ ಎಂಬ ರಬ್ಬರ್ ಪಟ್ಟಿ ಇಟ್ಟು ಮುಚ್ಚಳ ಬಿಗಿದರೆ ಒಂದು ಪ್ಯಾಕು. ಕೊನೆಯ ಮೇಜು ಸಿಂಚನಳದು. ಪ್ಯಾಕಿನೊಳಕ್ಕೆ ಗಾಳಿ ತುಂಬಿ, ನಾಲ್ಕು ನಿಮಿಷದಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದು ಅಲ್ಲಿನ ಯಂತ್ರ ನೋಡುತ್ತದೆ. ಗಾಳಿ ಹೊರಗೆ ಬರುವ ಕಡೆ ನೀರು ಒಳಗೆ ಹೋಗುತ್ತದೆ. ನೀರು ಹೋದರೆ ಏನಾಗುತ್ತದೆಂದು ತರಬೇತಿಯಲ್ಲಿ ವಿಡಿಯೋ ತೋರಿಸಿದ್ದರು. ಸೀಟಿನಡಿಯಿಂದ ಬೂದಿ ಬಣ್ಣದ ಹೊಗೆ, ಅದರ ಹಿಂದೆಯೇ ಬೆಂಕಿ.

ಅವಳು ಅಂಕಿಗಳನ್ನು ನೋಡಿದಳು. ಪ್ಯಾಕಿನಿಂದ ಪ್ಯಾಕಿಗೆ ಅಂಕಿ ಬೇರೆಯಾಗಲೇಬೇಕು. ಒಂದರದು ನಲವತ್ತು, ಇನ್ನೊಂದರದು ಅರವತ್ತೈದು, ನೂರು ದಾಟಿದರೆ ಫೇಲು. ಇಲ್ಲಿ ಮೇಲಿನಿಂದ ಕೆಳಗಿನವರೆಗೂ ಹನ್ನೆರಡು, ಹನ್ನೆರಡು, ಹದಿಮೂರು, ಹನ್ನೆರಡು. ಹನ್ನೆರಡು ತೋರಿಸುವ ಪೆಟ್ಟಿಗೆ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ. ಸುತ್ತಲೂ ಬೆಸುಗೆ ಹಾಕಿ ಹಳದಿ ಬಣ್ಣ ಬಳಿದ ಮಾದರಿ ಪೆಟ್ಟಿಗೆ ಅದು. ಯಂತ್ರ ಸರಿಯಿದೆಯೇ ಎಂದು ನೋಡಲು ದಿನಾ ಬೆಳಿಗ್ಗೆ ಅದನ್ನು ಇಡುತ್ತಿದ್ದರು. ಯಾರೋ ಆ ಹಳದಿ ಪೆಟ್ಟಿಗೆಯನ್ನೇ ಇಪ್ಪತ್ತೆರಡು ಸಲ ಪರೀಕ್ಷೆಗಿಟ್ಟು, ಬೇರೆ ಬೇರೆ ಪ್ಯಾಕುಗಳ ಬಾರ್‌ಕೋಡು ತೋರಿಸಿದ್ದರು.

ಯಾರು ಎಂದು ಯೋಚಿಸುವುದೇನೂ ಇರಲಿಲ್ಲ. ಅವಳ ಪಾಸ್‌ವರ್ಡು ಗೊತ್ತಿದ್ದದ್ದು, ಕೆಲಸಕ್ಕೆ ಸೇರಿದ ಮೊದಲ ದಿನ ಪಕ್ಕದಲ್ಲಿ ಕೂತು ಅದನ್ನು ಹಾಕಿಕೊಟ್ಟ ಒಬ್ಬನಿಗೆ ಮಾತ್ರ. ಅವನು ಪ್ಯಾಕು ಜೋಡಿಸುವ ಈ ಲೈನಿನ ಲೀಡರ್, ಮತ್ತು ಅವಳ ಗಂಡ.

ಕಾರ್ಖಾನೆಯೊಳಗೆ ಅವಳು ಅವನನ್ನು ಸರ್ ಎನ್ನುತ್ತಿದ್ದಳು. "ಸರ್, ಒಂದ್ನಿಮಿಷ" ಎಂದು ಹತ್ತಿರ ಹೋದಾಗ ಅವನು ಅವಳ ಮುಖ ನೋಡಿದ. ಅಷ್ಟಕ್ಕೇ ಅವನಿಗೆ ತಿಳಿಯಿತು.

"ಟೀಗೆ ಬಿಟ್ಟಾಗ ಸೈಕಲ್ ಸ್ಟ್ಯಾಂಡ್ ಹತ್ರ ಬಾ" ಎಂದ.

ಸೈಕಲ್ ಸ್ಟ್ಯಾಂಡಿನ ಹತ್ತಿರ ಅವನು ಸುಳ್ಳು ಹೇಳಲಿಲ್ಲ. "ನಾನೇ ಮಾಡಿದ್ದು. ಹೊಸ ಗ್ಯಾಸ್ಕೆಟ್ ಬಂದಿದೆಯಲ್ಲ, ರಬ್ಬರ್ ಗಟ್ಟಿ. ಎಷ್ಟು ಬಿಗಿ ಮಾಡಿದ್ರೂ ಗಾಳಿ ಬಿಡುತ್ತೆ. ವಿಜಯ್‌ಕುಮಾರ್ ಸರ್ ಬಂದು, ಏನ್ಮಾಡ್ತೀರೋ ನಂಗೊತ್ತಿಲ್ಲ, ಶುಕ್ರವಾರ ಮೂರು ಗಂಟೆಗೆ ಗಾಡಿ ತುಂಬಿರ್ಬೇಕು ಅಂದ್ಬುಟ್ರು." ವಿಜಯ್‌ಕುಮಾರ್ ಪ್ಲಾಂಟಿನ ಮ್ಯಾನೇಜರು.

"ಎಲ್ಲಾದ್ರಲ್ಲೂ ಗಾಳಿ ಹೋಗ್ತಿತ್ತಾ?"

"ನಾಲ್ಕು ನೋಡ್ದೆ. ಎರಡು ಫೇಲಾಯ್ತು. ಆಮೇಲೆ ನೋಡೋದೇ ಬಿಟ್ಬುಟ್ಟೆ."

"ನನ್ ಹೆಸ್ರಲ್ಲಿ ಮಾಡಿದೀರ."

"ಪ್ಯಾಕ್ ಮಾಡಿದೋರು ಪಾಸ್ ಮಾಡಂಗಿಲ್ಲ. ನನ್ ಹೆಸ್ರಲ್ಲಿ ಆಗಲ್ಲ." ಅವನು ಟೀ ಲೋಟದೊಳಗೆ ನೋಡುತ್ತಾ ಹೇಳಿದ. "ನಿನ್ನ ಸಿಕ್ಕಿಸ್ಬೇಕು ಅಂತ ಅಲ್ಲ ಸಿಂಚು. ಬೇರೆ ಯಾರ ಪಾಸ್‌ವರ್ಡೂ ನಂಗೊತ್ತಿಲ್ಲ."

ಸಿಂಚನ ಅಲ್ಲೇ ಬೈಯಬಹುದಿತ್ತು. ಆದರೆ ಎರಡು ಮಾರು ದೂರದಲ್ಲೇ ಪ್ಯಾಕಿಂಗಿನ ಹೆಂಗಸರು ನಿಂತಿದ್ದರು.

"ಈಗ ಬಾಯ್ಬಿಟ್ರೆ ಏನಾಗುತ್ತೆ, ನೀನೇ ಹೇಳು" ಎಂದು ಅವನು ತಗ್ಗಿದ ದನಿಯಲ್ಲಿ ಮುಂದುವರಿಸಿದ. "ನೀನು ಮಾಡಿದ್ದು ಅಂದ್ರೆ ನೀನು ಆಚೆಗೆ. ನಾನು ಅಂದ್ರೆ ನಾನು ಆಚೆಗೆ. ಮನೇಲಿ ಅವ್ವ ಕಣ್ ಕಟ್ಕೊಂಡು ಕೂತವ್ಳೆ. ಗಾಡಿ ಒಂದು ಹೋಗ್ಬುಡ್ಲಿ. ಇನ್ಯಾವತ್ತೂ ಹಿಂಗ್ ಮಾಡಲ್ಲ."

ಗಂಟೆ ಹೊಡೆಯಿತು. ಅವಳು ಮೇಜಿಗೆ ಬಂದು ಕೂತಳು. ಕೈ ತನ್ನ ಪಾಡಿಗೆ ಪ್ಯಾಕು ಎತ್ತಿ ಇಡುತ್ತಿತ್ತು, ಪೈಪು ಸಿಕ್ಕಿಸುತ್ತಿತ್ತು. ತಲೆಯೊಳಗೆ ಅವಳು ಒಂದೊಂದೇ ದಾರಿ ಹಿಡಿದು ಹೋಗಿ ನೋಡಿದಳು. ತಲೆನೋವೆಂದು ಮನೆಗೆ ಹೋದರೆ ಪ್ಯಾಕುಗಳು ಹೋಗುತ್ತವೆ, ಹೆಸರು ಉಳಿಯುತ್ತದೆ. ಅದೂ ಅಲ್ಲದೆ ಅರ್ಧ ದಿನಕ್ಕೆ ಗೇಟು ದಾಟಲು ಚೀಟಿ ಬೇಕು, ಚೀಟಿಗೆ ಲೀಡರಿನ ಸಹಿ ಬೇಕು. ಸುಮ್ಮನಿದ್ದರೆ ನಾಳೆಯೂ ಇದೇ ಮೇಜು, ಇದೇ ಬಸ್ಸು, ನಜರ್‌ಬಾದಿನಲ್ಲಿ ಅದೇ ಒಂದು ರೂಮು, ಒಂದು ಹಾಲ್ ಇರುವ ಮನೆ. ಎಲ್ಲೇ ಹೋದರೂ ಅವನ ಪಕ್ಕದಲ್ಲೇ ಕೂರಬೇಕು. ಅಪ್ಪನ ಮನೆಗೆ ಫೋನು ಮಾಡಿದರೆ ಅವರು ಮೊದಲು ಅಳಿಯನ ಕೆಲಸದ ಬಗ್ಗೆಯೇ ಕೇಳುತ್ತಾರೆ. ಉಸಿರಾಡಲು ಗಾಳಿ ಸಾಲದು ಎನಿಸಿ ಅವಳು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡಳು.

ಎರಡೂಕಾಲು ಗಂಟೆಗೆ ಸರಕು ಕಳಿಸುವ ವಿಭಾಗದ ಮಹದೇವು, ಇಪ್ಪತ್ತೆರಡೂ ಪ್ಯಾಕು ಪಾಸಾಗಿವೆ ಎಂಬ ಕಾಗದ ಹಿಡಿದು ಬಂದ. "ಅಕ್ಕ, ಇಲ್ಲೊಂದು ಸೈನ್ ಹಾಕ್ಬುಡಿ. ಗಾಡಿ ಬಂದೈತೆ."

"ಯಾವ ಊರಿಗೆ ಹೋಗುತ್ತೆ ಇದು?"

"ಮಂಗಳೂರ್ ಕಡೆಗೆ. ಅಲ್ಲಿ ಮಳೆ ಹಿಡ್ಕಂಡು ಬುಟ್ಟೇ ಇಲ್ವಂತೆ. ಡ್ರೈವರು ಬೇಗ ಹೊರಡ್ಬೇಕು ಅಂತವ್ನೆ."

ಅವಳು ಪೆನ್ನು ತೆಗೆದುಕೊಂಡಳು. ಕಂಪ್ಯೂಟರಿನೊಳಗಿದ್ದದ್ದು ಬೇರೆಯವರು ಒತ್ತಿದ ಹೆಸರು. ಇದು ತನ್ನ ಕೈಯಾರೆ ಹಾಕುವ ರುಜು. ಯಾರೋ ಹೆಂಗಸು ಸ್ಕೂಟರಿನ ಹಿಂದೆ ಅತ್ತೆಯನ್ನೋ ಮಗುವನ್ನೋ ಕೂರಿಸಿಕೊಂಡು, ನೀರು ನಿಂತ ರಸ್ತೆಯಲ್ಲಿ ನಿಧಾನ ಹೋಗುತ್ತಿರುವುದು ಕಣ್ಣಿಗೆ ಬಂತು. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಸ್ವಲ್ಪ ತಡಿ ಮಹದೇವು" ಎಂದು ಎದ್ದಳು.

ತಡೆಹಿಡಿದ ಪ್ಯಾಕುಗಳಿಗೆ ಅಂಟಿಸುವ ಕೆಂಪು ಚೀಟಿಯ ಸುರುಳಿ ಅವಳ ಡ್ರಾಯರಿನಲ್ಲೇ ಇತ್ತು. ಲಾರಿಗೆ ಏರಿಸಲು ಸಾಲಾಗಿ ಇಟ್ಟಿದ್ದ ಪ್ಯಾಕುಗಳ ಮೇಲೆ ಒಂದೊಂದಾಗಿ ಅಂಟಿಸುತ್ತಾ ಹೋದಳು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಗಂಡ ಪಕ್ಕದಲ್ಲಿ ಬಂದು ನಿಂತಿದ್ದ.

"ಇನ್ನೂ ಟೈಮಿದೆ ಸಿಂಚು. ಯಾರೂ ನೋಡಿಲ್ಲ" ಎಂದು ಅವನು ಮೊದಲ ಪ್ಯಾಕಿನ ಚೀಟಿಯನ್ನು ಉಗುರಿನಿಂದ ಕಿತ್ತ.

ಅವಳು ಸುರುಳಿಯಿಂದ ಇನ್ನೊಂದು ಕಿತ್ತು ಅದೇ ಜಾಗಕ್ಕೆ ಅಂಟಿಸಿದಳು. ಅವನು ಎರಡನೆಯದಕ್ಕೆ ಕೈ ಹಾಕಲಿಲ್ಲ. ಕಿತ್ತ ಚೀಟಿ ಅವನ ಬೆರಳಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುತ್ತಾ ಅಲ್ಲೇ ನಿಂತ.

ಮೇಜಿಗೆ ಮರಳಿ ಕಂಪ್ಯೂಟರಿನಲ್ಲೂ ತಡೆ ಹಾಕಿದಳು. ಅದು ಕಾರಣ ಕೇಳಿತು. ಗಾಳಿ ಪರೀಕ್ಷೆ ಆಗಿಲ್ಲ, ಮಾದರಿ ಪೆಟ್ಟಿಗೆಯ ಅಂಕಿ ತೋರಿಸಲಾಗಿದೆ ಎಂದು ಬರೆದಳು.

ಹತ್ತು ನಿಮಿಷಕ್ಕೆ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ ರಂಜನಿ ಮೇಡಂ ಕರೆಸಿದರು. ಅವರು ಮೆಲ್ಲಗೆ ಮಾತಾಡುವ ಹೆಂಗಸು.

"ನಿನ್ನೆ ಬೆಳಿಗ್ಗೆ ನೀವು ರಜೆಯಲ್ಲಿದ್ರಿ. ನಿಮ್ಮ ಪಾಸ್‌ವರ್ಡ್ ಯಾರ ಹತ್ತಿರ ಇತ್ತು?"

"ನಾನೇ ಕೊಟ್ಟಿದ್ದೆ ಮೇಡಂ. ತಪ್ಪು ನಂದೇ."

"ಯಾರಿಗೆ ಅಂತ ಕೇಳ್ತಿದೀನಿ."

ಗಾಜಿನ ಗೋಡೆಯಾಚೆ ಲೈನು ಕಾಣುತ್ತಿತ್ತು. ಅವನು ಈ ಕಡೆಗೆ ಬೆನ್ನು ಹಾಕಿ ನಿಂತು ಯಾರಿಗೋ ಬೋಲ್ಟು ಬಿಗಿಯುವುದನ್ನು ತೋರಿಸುತ್ತಿದ್ದ.

"ಯಾರು ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?" ಎಂದರು ರಂಜನಿ. "ಆದ್ರೆ ನಾನು ಹೇಳಿದ್ರೆ ಅದು ಅನುಮಾನ ಅಷ್ಟೆ. ನೀವು ಬರೆದುಕೊಡಬೇಕು. ಇಲ್ಲ ಅಂದ್ರೆ ಎಲ್ಲಾನೂ ನಿಮ್ಮ ತಲೆಗೇ ಬರುತ್ತೆ." ಒಂದು ಹಾಳೆಯನ್ನು ಮುಂದಕ್ಕೆ ತಳ್ಳಿದರು.

ಮದುವೆಯಾಗಿ ಎರಡು ವರ್ಷವಾದರೂ ಸಿಂಚನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಮನೆಯಲ್ಲಿ ರೀ, ಇಲ್ಲಿ ಸರ್, ಅತ್ತೆಯ ಎದುರು ಇವರು. ಹಾಳೆಯ ಮೇಲೆ 'ಶಿವಪ್ರಕಾಶ್' ಎಂದು ಬರೆದಾಗ, ಅದು ಯಾರೋ ಅಪರಿಚಿತನ ಹೆಸರಿನಂತೆ ಕಂಡಿತು. ಮ್ಯಾನೇಜರು ಅವಸರ ಮಾಡಿದ್ದನ್ನೂ ಬರೆದಳು. ಅದಕ್ಕೆ ಸಾಕ್ಷಿ ಏನಿದೆ ಎಂದು ರಂಜನಿ ಕೇಳಿದರು. ಏನೂ ಇರಲಿಲ್ಲ.

ಇಪ್ಪತ್ತೆರಡನ್ನೂ ಮತ್ತೆ ಪರೀಕ್ಷೆ ಮಾಡಿದಾಗ ಏಳು ಫೇಲಾದವು. ಗ್ಯಾಸ್ಕೆಟ್ಟುಗಳನ್ನು ವಾಪಸು ಕಳಿಸಿದರು. ವಿಚಾರಣೆ ಎರಡು ವಾರ ನಡೆಯಿತು. ವಿಜಯ್‌ಕುಮಾರ್ ತಾನು ಅಂಥ ಮಾತು ಆಡಿಯೇ ಇಲ್ಲ ಎಂದು ಹೇಳಿ ಮೊದಲಿನಂತೆಯೇ ಓಡಾಡಿಕೊಂಡಿದ್ದರು. ಪಾಸ್‌ವರ್ಡು ಬಿಟ್ಟುಕೊಟ್ಟದ್ದಕ್ಕೆ ಸಿಂಚನಳಿಗೆ ಎಚ್ಚರಿಕೆ ಪತ್ರ ಬಂತು. ಶಿವಪ್ರಕಾಶನ ಕೆಲಸ ಹೋಗಲಿಲ್ಲ. ಲೀಡರ್ ಸ್ಥಾನದಿಂದ ಇಳಿಸಿ, ಸೆಲ್ಲು ಅಳೆದು ಬೇರ್ಪಡಿಸುವ ಮೇಜಿಗೆ ಹಾಕಿದರು. ಅವನಿಗಿಂತ ಆರು ವರ್ಷ ಚಿಕ್ಕವನು ಈಗ ಅವನ ಲೀಡರ್. ಪ್ಯಾಕಿಂಗಿನ ಹೆಂಗಸರು ಸಿಂಚನ ಬಂದರೆ ಮಾತು ನಿಲ್ಲಿಸುತ್ತಿದ್ದರು.

ಮನೆಯಲ್ಲಿ ಅವನು ಬೈಯಲಿಲ್ಲ, ಕೈಯೆತ್ತಲಿಲ್ಲ, ತಟ್ಟೆ ದೂಡಲಿಲ್ಲ. ಮಾತನ್ನು ಮಾತ್ರ ನಿಲ್ಲಿಸಿದ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಸರೋಜಮ್ಮನಿಗೆ ಎಲ್ಲ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಭಾನುವಾರ ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದ ಸೊಸೆಯ ಹತ್ತಿರ ಬಂದು ನಿಂತರು.

"ಅವ್ನು ಎಲ್ಲಾ ಹೇಳ್ದ ಕಣಮ್ಮ. ನೀನು ಸುಮ್ಕಿದ್ದಿದ್ರೆ ಆಗ್ತಿತ್ತು ಅಂತ ನಂಗೂ ಅನ್ಸ್ತು, ಸುಳ್ಳೇಳಲ್ಲ. ಆದ್ರೆ ನಿನ್ನ ಹೆಸ್ರಲ್ಲಿ ಅಂಗ್ ಮಾಡ್ಬಾರ್ದಾಗಿತ್ತು ಅಂತ ಅವ್ನಿಗೂ ಅಂದಿವ್ನಿ."

"ಅದಕ್ಕೆ ಅವ್ರೇನಂದ್ರು ಅತ್ತೆ?"

"ಏನೂ ಅನ್ನಲಿಲ್ಲ. ಅವನ್ ತಾನೇ ಏನಂದಾನು."

ಅತ್ತೆ ಬಕೆಟ್ಟಿನಿಂದ ಒಂದು ಟವೆಲು ತೆಗೆದು ಹಿಂಡಿ ಕೊಟ್ಟರು. ಕೆಳಗೆ ಶಿವಪ್ರಕಾಶ್ ಟಿ.ವಿ. ಹಾಕಿದ್ದು ಕೇಳಿಸುತ್ತಿತ್ತು. ಇಳಿದು ಹೋಗಲು ಇದ್ದದ್ದು ಆ ಮೆಟ್ಟಿಲೊಂದೇ.

ಸೋಮವಾರ ಕಂಪನಿಯ ಬಸ್ಸು ತುಂಬಿತ್ತು. ಸಿಂಚನಳ ಪಕ್ಕದ ಸೀಟೊಂದು ಖಾಲಿಯಿತ್ತು. ಅವನು ಅದನ್ನು ನೋಡಿದ, ಕೂರಲಿಲ್ಲ. ಅವಳ ತಲೆಯ ಮೇಲಿನ ಕಂಬಿ ಹಿಡಿದು ಹೆಬ್ಬಾಳದವರೆಗೂ ನಿಂತೇ ಬಂದ. ಕೊರಳಿನ ಹೊಸ ಗುರುತಿನ ಚೀಟಿ ಬಸ್ಸು ಕುಲುಕಿದಾಗಲೆಲ್ಲ ಅವಳ ಕಣ್ಣೆದುರು ತೂಗಾಡುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಲಿಲ್ಲ, ತಲೆಯೆತ್ತಲೂ ಇಲ್ಲ.

ಗೇಟಿನ ಮುಂದೆ ಇಳಿದ ಮೇಲೆ ಅವನು ಅವಳ ಹತ್ತಿರ ಬರಲೇಬೇಕಾಯಿತು. ಇಬ್ಬರ ಊಟದ ಡಬ್ಬಿಯೂ ಒಂದೇ ಚೀಲದಲ್ಲಿತ್ತು. ಅವಳು ಅವನದನ್ನು ತೆಗೆದು ಕೊಟ್ಟಳು.

"ಸಾರಿದೆ. ನೆಟ್ಟಗೆ ಹಿಡ್ಕೊಳ್ಳಿ" ಎಂದಳು.

ಅವನು ಡಬ್ಬಿಯನ್ನು ನೆಟ್ಟಗೆ ಹಿಡಿದುಕೊಂಡು, ಒಂದು ಗಳಿಗೆ ನಿಂತು, ಗಂಡಸರ ಸಾಲಿನ ಕಡೆಗೆ ನಡೆದ.