ಕದ್ದ ಉಸಿರು

ಪ್ರಧಾನಾಲಯದ, ಅಂದರೆ ಊರಿನ ದೊಡ್ಡ ಚರ್ಚಿನ, ಗಾಯಕವೃಂದದಲ್ಲಿ ಕಳ್ಳತನವನ್ನು ರಾಜಾರೋಷವಾಗಿ ಕಲಿಸುತ್ತಾರೆ. ಕದಿಯಬೇಕಾದದ್ದು ಉಸಿರು. ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ಅಲ್ಲೇ ಹರಿದುಹೋಗುತ್ತದೆ. ಆದ್ದರಿಂದ ಪದದ ನಡುವೆಯೇ, ಪಕ್ಕದವರು ಸ್ವರ ಹಿಡಿದಿರುವಾಗ, ಸದ್ದಿಲ್ಲದೆ ಉಸಿರೆಳೆದು ಮತ್ತೆ ಸೇರಿಕೊಳ್ಳಬೇಕು. ದರ್ಜಿ ಅಮ್ಮ ಮತ್ತು ಬೇಕರಿ ನಡೆಸುವ ಅವಳ ನಾದಿನಿ ಇಪ್ಪತ್ತಾರು ವರ್ಷಗಳಿಂದ ಅಕ್ಕಪಕ್ಕ ನಿಂತು ಈ ಕಳ್ಳತನ ಮಾಡುತ್ತ ಬಂದವರು. ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಡಲು ನಿಂತರೆ ಮಾತ್ರ ಒಬ್ಬಳ ಉಸಿರು ಇನ್ನೊಬ್ಬಳಿಗೆ ಬಾಯಿಪಾಠ.

ಈ ಸಲ ಧ್ವನಿಮುದ್ರಣಕ್ಕೆ ಆರಿಸಿದ್ದು ಹಳೆಯ ಕೀರ್ತನೆಗಳನ್ನಲ್ಲ, ಈಗಿನವರು ಬರೆದ ಒಂಬತ್ತು ಹೊಸ ಪ್ರಾರ್ಥನಾಗೀತೆಗಳನ್ನು. ಕೊನೆಯದು ದರ್ಜಿ ಅಮ್ಮನ ಮಗಳ ರಚನೆ. ಅದರಲ್ಲಿ ಅವಳು 'ಕರುಣೆ' ಎಂಬ ಒಂದೇ ಪದವನ್ನು ಹನ್ನೆರಡು ಎಣಿಕೆಯವರೆಗೆ ಎಳೆದು, ಅದರ ತೀರಾ ತಳದ ಎಳೆಯನ್ನು ಅಮ್ಮ ಮತ್ತು ಸೋದರತ್ತೆ, ಈ ಇಬ್ಬರಿಗೇ ಬಿಟ್ಟಿದ್ದಳು. ಅಮ್ಮನ ದನಿಗೆ ಅಳತೆ ತೆಗೆದು ಹೊಲಿದ ಸ್ವರ ಅದು.

ಅಳತೆ ತೆಗೆದದ್ದು ಮಾತ್ರ ನ್ಯುಮೋನಿಯಾ ಬರುವ ಮೊದಲು. ಈಗ ದರ್ಜಿ ಅಮ್ಮ ಉಸಿರೆಳೆದರೆ ಎದೆಯೊಳಗೆ ಗೊರಗೊರ ಸದ್ದು. ಮಗಳ ಹಾಡು ಮೊದಲ ಸಲ ಮುದ್ರಣವಾಗುತ್ತಿದೆ, ಅದು ತನ್ನಿಂದ ಕೆಡಬಾರದು ಎಂಬ ಒಂದೇ ಹೆದರಿಕೆಯಲ್ಲಿ ಅವಳು ರಿಹರ್ಸಲ್‌ಗಳನ್ನೆಲ್ಲ ಹೇಗೋ ದಾಟಿಸಿದ್ದಳು. ಆದರೆ ಮೈಕಿನ ಕಿವಿ ಮನುಷ್ಯರ ಕಿವಿಯಲ್ಲವಲ್ಲ. ಆ ಪದ ಬಂದಾಗ ಬರೀ ಬಾಯಿ ಆಡಿಸಿಬಿಡೋಣ ಎಂದು ಯಾರಿಗೂ ಹೇಳದೆ ನಿರ್ಧರಿಸಿದಳು.

ಬೆಳಿಗ್ಗೆ ಹತ್ತಕ್ಕೆ ಫ್ಯಾನುಗಳು ನಿಂತವು. ಎಲ್ಲರೂ ವಾಚು ಬಿಚ್ಚಿ, ಚಪ್ಪಲಿ ಬೂಟು ಹೊರಗಿಟ್ಟು ಸಾಲಾಗಿ ನಿಂತರು. ಕ್ವೈರ್ ಮಾಸ್ತರು ಕೈ ಎತ್ತಿದರು. 'ಕರುಣೆ' ಬಂದಾಗ ದರ್ಜಿ ಅಮ್ಮ ಅಂದುಕೊಂಡಂತೆಯೇ ಬಾಯಿ ಆಡಿಸಿದಳು. ಹಾಡು ಮುಗಿದದ್ದೇ ಸಣ್ಣ ಸ್ಪೀಕರಿನಿಂದ ಮುದ್ರಣದವನ ದನಿ ಬಂತು. ಹೆಂಗಸರ ಕೆಳದನಿಯಲ್ಲಿ ಒಂದು ತೂತು ಬಿದ್ದಿದೆ, ಆ ಇಬ್ಬರು ಸ್ವಲ್ಪ ಒಳಗೆ ಬರಬೇಕು ಎಂದ.

ಪಾದ್ರಿಗಳ ನಿಲುವಂಗಿ ನೇತುಹಾಕುವ ಕೋಣೆಯಲ್ಲಿ ಅವನು ಯಂತ್ರ ಹೂಡಿಕೊಂಡು ಕೂತಿದ್ದ. ಸುತ್ತ ತೂಗುತ್ತಿದ್ದ ನಿಲುವಂಗಿಗಳ ಅಂಚೆಲ್ಲ ದರ್ಜಿ ಅಮ್ಮನೇ ಮಡಿಸಿ ಹೊಲಿದದ್ದು. ಮಗಳೂ ಮಾಸ್ತರೂ ಅಲ್ಲಿದ್ದರು. ಅವನು ಇವರಿಬ್ಬರ ಮುಂದಿದ್ದ ಮೈಕು ಹಿಡಿದದ್ದನ್ನಷ್ಟೇ ಕೇಳಿಸಿದ. 'ಕರು' ಎಂದು ಬಂತು. ಆಮೇಲೆ ನಾಲ್ಕು ಎಣಿಕೆ ಏನೂ ಇಲ್ಲ. ಆಮೇಲೆ ಎಲ್ಲಿಂದಲೋ ಒಂಟಿ 'ಣೆ'.

ದೇವರ ಹತ್ತಿರ ಕರುಣೆ ಕೇಳೋದು ಬಿಟ್ಟು ಕರು ಕೇಳಿದ ಹಾಗಿದೆ ಎಂದು ಅವನು ನಗದೆಯೇ ಹೇಳಿದ. ಮಾಸ್ತರು ಮೀಸೆಯಡಿಯಲ್ಲಿ ನಗು ಅದುಮಿಕೊಂಡರು. ನಾದಿನಿಯ ಮುಖ ಮಾತ್ರ ಬಾಡಿತು. ಪ್ರತಿ ಸಲದಂತೆ 'ಕರು' ಆದಮೇಲೆ ಉಸಿರು ಕದ್ದವಳು ಅವಳೇ. ಒಂದು ದಿನವೂ ತಪ್ಪು ಒಪ್ಪಿಕೊಂಡ ಜಾಯಮಾನ ಅವಳದಲ್ಲ. ಅಂಥವಳು ಈಗ ತನಗೆ ವಯಸ್ಸಾಯಿತೆಂದು ಕಾಣುತ್ತದೆ, ಈ ಹಾಡಿಗೆ ತಾನು ಹೊರಗಿರುತ್ತೇನೆ ಎಂದುಬಿಟ್ಟಳು.

ದರ್ಜಿ ಅಮ್ಮ ನಾದಿನಿಯ ಮುಖ ನೋಡಿದಳು. ಜೀವಮಾನವಿಡೀ ಜಗಳದಲ್ಲಿ ಇವಳನ್ನು ಗೆಲ್ಲಬೇಕೆಂದು ಒದ್ದಾಡಿದ್ದಳು, ಗೆದ್ದದ್ದು ಹೀಗಾಗಬಾರದಿತ್ತು.

"ತಪ್ಪು ಅವಳದ್ದಲ್ಲ," ಅಂದಳು. "ನಾನು ಹಾಡ್ಲೇ ಇಲ್ಲ. ಬರೀ ಬಾಯಿ ಆಡಿಸ್ದೆ."

ನಾದಿನಿ ಅವಳ ಕಡೆ ತಿರುಗಿದಳು. "ನೀನು ಹಿಡ್ಕೊಂಡಿರ್ತೀಯ ಅಂತ ನಂಬಿ ತಾನೆ ಅತ್ತಿಗೆ ನಾನು ಉಸಿರೆಳ್ಕೊಳ್ಳೋದು? ಆಗಲ್ಲ ಅಂದ್ರೆ ಒಂದು ಮಾತು ಹೇಳ್ಬಾರ್ದಾ?"

ಮಗಳು ಅಮ್ಮನ ಹಾಡಿನ ಹಾಳೆ ತೆಗೆದುಕೊಂಡು, ಎಲ್ಲೆಲ್ಲಿ ಉಸಿರೆಳೆಯಬೇಕೆಂಬ ಹಳೆಯ ಪೆನ್ಸಿಲ್ ಗುರುತುಗಳನ್ನು ರಬ್ಬರಿನಿಂದ ಅಳಿಸಿದಳು. ಅವಳ ಕಣ್ಣು ತುಂಬಿತ್ತು. "ಇರೋ ಉಸಿರಷ್ಟೇ ಹಾಡಮ್ಮ," ಅಂದಳು. "ನೀನಿಲ್ದೆ ಈ ಹಾಡು ನಂಗೆ ಬೇಡ." ಅಮ್ಮನಿಗೆ ಎರಡೆರಡು ಎಣಿಕೆಗೊಮ್ಮೆ ಉಸಿರು, ನಡುವಿನದೆಲ್ಲ ಅತ್ತೆಗೆ ಎಂದು ಹೊಸದಾಗಿ ಗುರುತು ಹಾಕಿದಳು. ಭಾರವೆಲ್ಲ ಕೊನೆಗೆ ತನ್ನ ತಲೆಗೇ ಬಂತು, ಈ ಮನೆಯಲ್ಲಿ ಯಾವತ್ತೂ ಇದೇ ಕಥೆ ಎಂದು ನಾದಿನಿ ಗೊಣಗಿದಳು. ಗೊಣಗುತ್ತಲೇ ಆ ಗುರುತುಗಳನ್ನು ತನ್ನ ಹಾಳೆಗೂ ಇಳಿಸಿಕೊಂಡಳು.

ಎರಡನೆಯ ಸಲದ ಮುದ್ರಣವನ್ನು ಸೂರಿನಲ್ಲಿದ್ದ ಪಾರಿವಾಳವೊಂದು ರೆಕ್ಕೆ ಬಡಿದು ಕೆಡಿಸಿತು. ಮೂರನೆಯ ಸಲ ದರ್ಜಿ ಅಮ್ಮ ನಿಜವಾಗಿ ಹಾಡಿದಳು. ಉಸಿರು ಮುಗಿದಾಗ ಅಂಜುತ್ತಲೇ ಬಿಟ್ಟಳು. ಬಿಟ್ಟ ಕಡೆ ನಾದಿನಿಯ ದನಿ ಇತ್ತು. ಮತ್ತೆ ಸೇರಿಕೊಂಡಳು.

ಊಟದ ಹೊತ್ತಿಗೆ ಎಲ್ಲರೂ ಹೊರಟ ಮೇಲೆ, ತಮ್ಮಿಬ್ಬರ ಮೈಕಿನದನ್ನೊಮ್ಮೆ ಕೇಳಿಸು ಎಂದು ದರ್ಜಿ ಅಮ್ಮ ಮುದ್ರಣದವನನ್ನು ಕೇಳಿಕೊಂಡಳು. ಬೇರೆಯವರು ಹೊಲಿದ ಬಟ್ಟೆಯನ್ನು ಒಳಗು ಹೊರಗು ಮಾಡಿ ನೋಡುವ ಹಾಗೆ ಕಣ್ಣು ಮುಚ್ಚಿ ಕೇಳಿದಳು. ಎಲ್ಲೋ ಒಂದು ಕಡೆ ಸಣ್ಣಗೆ ಗೊರಗೊರ ಇತ್ತು, ಆದರೆ ಅಲ್ಲೂ ಸ್ವರ ಕಡಿದಿರಲಿಲ್ಲ. ಮೂರು ಸಲ ಕೇಳಿದರೂ ತಾನೆಲ್ಲಿ ಬಿಟ್ಟೆ, ಅವಳೆಲ್ಲಿ ಹಿಡಿದಳು ಎಂಬುದು ತಿಳಿಯಲಿಲ್ಲ.

ನಾದಿನಿ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಹಿಡಿದು ಕಾಯುತ್ತಿದ್ದಳು. ಏನಾಯಿತು ಎಂದು ಕೇಳಿದಳು.

"ಹೊಲಿಗೆ ಸಿಗ್ತಾ ಇಲ್ಲ ಕಣೆ," ಅಂದಳು ದರ್ಜಿ ಅಮ್ಮ.